ಲೋಕಾಪವಾದದ ಭಯವೂ ಅಕ್ಕಮಹಾದೇವಿಯೂ

ಕನ್ನಡ ನಾಡಿನ ಮನೆಗಳಲ್ಲಿ ಮಗುವಿಗೆ ಅಕ್ಷರಾಭ್ಯಾಸವಾಗುವುದಕ್ಕೆ ಮೊದಲೇ ಆಗುವ ಉಪದೇಶವೊಂದುಂಟು. ನಾಲ್ಕು ಜನ ಏನೆಂದಾರು ಎಂಬುದೇ ಆ ಉಪದೇಶ. ಆ ನಾಲ್ವರು ಯಾರು, ಯಾವ ಓಣಿಯವರು ಎಂದು ಕೇಳಿದರೆ ಹೇಳಬಲ್ಲವರು ಯಾರೂ ಇಲ್ಲ. ಆದರೂ ಅವರು ಮದುವೆಯ ಹಂದರದಲ್ಲಿ ಕುಳಿತಿರುತ್ತಾರೆ, ಸಾವಿನ ಮನೆಯ ಅಂಗಳದಲ್ಲಿ ನಿಂತಿರುತ್ತಾರೆ, ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ಕರೆಯದೆಯೇ ಬಾಗಿಲಿಗೆ ಬರುತ್ತಾರೆ. ಸಾಲದ ಭಯಕ್ಕೆ ಸಾಹುಕಾರನ ಮುಖವುಂಟು. ರೋಗದ ಭಯಕ್ಕೆ ವೈದ್ಯನ ಮದ್ದುಂಟು. ಈ ನಾಲ್ವರ ಭಯಕ್ಕೆ ಮುಖವೂ ಇಲ್ಲ, ಮದ್ದೂ ಇಲ್ಲ.

ಅದಕ್ಕೆ ನಮ್ಮ ನುಡಿಯಲ್ಲಿ ಸರಿಯಾದ ಹೆಸರಾದರೂ ಉಂಟೇ ಎಂದು ಬಹುಕಾಲ ಯೋಚಿಸಿದ್ದೇನೆ. ಹಳಗನ್ನಡದಲ್ಲಿ ನಾಣ್ ಎಂಬ ಶಬ್ದವಿದೆ, ಸಿಗ್ಗು ಎಂಬುದಿದೆ. (ನಾಣ್ಣುಡಿ ಎಂಬಲ್ಲಿ ಇರುವುದು ಈ ನಾಣ್ ಅಲ್ಲ, ಅದು ನಾಡ ನುಡಿ. ವಿದ್ಯಾರ್ಥಿಗಳು ಇದನ್ನು ತಪ್ಪಾಗಿ ಬಿಡಿಸುವುದು ಪ್ರತಿವರ್ಷದ ಅನುಭವ.) ನಾಚಿಕೆ, ಲಜ್ಜೆಗಳು ನಡೆದುಹೋದ ಸಂಗತಿಗೆ ಸಲ್ಲುವ ಮಾತುಗಳು. ಮುಂದೆ ಬರಬಹುದಾದ ನಿಂದೆಯನ್ನು ನೆನೆದು ಇಂದೇ ಬೆದರುವುದಕ್ಕೆ ಅವು ಸಾಲವು. ಸಂಕೋಚ ಎಂಬ ಸಂಸ್ಕೃತ ಪದ ಮುದುಡಿಕೊಳ್ಳುವುದನ್ನು ಹೇಳುತ್ತದೆ, ಹಿಂಜರಿಕೆ ಎಂಬ ಕನ್ನಡ ಪದ ಹಿಂದಕ್ಕೆ ಜರುಗುವುದನ್ನು ಹೇಳುತ್ತದೆ. ಇವೆರಡೂ ಭಯದಿಂದ ದೇಹಕ್ಕಾಗುವ ವಿಕಾರಗಳೇ ಹೊರತು ಭಯದ ಹೆಸರಲ್ಲ. ಲೋಕಾಪವಾದ ಎಂಬುದಾದರೋ ಲೋಕದ ಬಾಯಲ್ಲಿರುವ ಮಾತು, ನಮ್ಮ ಎದೆಯಲ್ಲಿರುವ ಅಳುಕಲ್ಲ. ಹೀಗೆ ಒಂದೇ ಪದದಲ್ಲಿ ಸೆರೆಸಿಕ್ಕದ ಈ ಭಯವನ್ನು ಹನ್ನೆರಡನೆಯ ಶತಮಾನದ ಒಬ್ಬ ತರುಣಿ ಕನ್ನಡದ ಮಾತಿಗೆ ತಂದಳು. ಆಕೆಯ ಚರಿತ್ರೆಯನ್ನು ಈ ಒಂದು ದೃಷ್ಟಿಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಅಕ್ಕಮಹಾದೇವಿಯ ಜನ್ಮಸ್ಥಳ ಉಡುತಡಿ. ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿ, ಬಳ್ಳಿಗಾವಿಗೆ ಅನತಿದೂರದಲ್ಲಿ ಆ ಊರನ್ನು ಗುರುತಿಸಲಾಗಿದೆ. ಆ ಕಾಲದ ಬಳ್ಳಿಗಾವಿ ಸಾಮಾನ್ಯ ಊರಾಗಿರಲಿಲ್ಲ. ಬನವಾಸಿ ನಾಡಿನ ರಾಜಧಾನಿ, ಕೇದಾರೇಶ್ವರನ ಕ್ಷೇತ್ರ, ಕಾಳಾಮುಖ ಆಚಾರ್ಯರ ಕೋಡಿಮಠವಿದ್ದ ವಿದ್ಯಾಸ್ಥಾನ. ಅಲ್ಲಮಪ್ರಭುವಿನ ಊರೂ ಅದೇ. ಮುಂದೆ ಕಲ್ಯಾಣದಲ್ಲಿ ಎದುರುಬದುರಾಗಿ ನಿಂತು ಪ್ರಶ್ನೋತ್ತರ ನಡೆಸಬೇಕಾಗಿದ್ದ ಇಬ್ಬರೂ ಒಂದೇ ಸೀಮೆಯಲ್ಲಿ ಜನಿಸಿದವರೆಂಬುದು ನೆನೆದಷ್ಟೂ ಸೋಜಿಗದ ಸಂಗತಿ. ತಂದೆತಾಯಿಗಳನ್ನು ಮಹಾಕವಿ ಹರಿಹರನು ಶಿವಭಕ್ತ, ಶಿವಭಕ್ತೆ ಎಂದೇ ಕರೆಯುತ್ತಾನೆ. ನಿರ್ಮಲ, ಸುಮತಿ ಎಂಬ ಹೆಸರುಗಳು ಅನಂತರದ ಪರಂಪರೆಯಲ್ಲಿ ಬಳಕೆಗೆ ಬಂದವು. ಮಗಳು ಬಾಲ್ಯದಲ್ಲಿಯೇ ಗುರುವಿನಿಂದ ದೀಕ್ಷೆ ಪಡೆದು, ಶ್ರೀಶೈಲದ ಮಲ್ಲಿಕಾರ್ಜುನನಿಗೆ ಚೆನ್ನ ಎಂಬ ವಿಶೇಷಣವನ್ನು ಸೇರಿಸಿ, ಆತನನ್ನೇ ಪತಿಯೆಂದು ನಂಬಿ ಬೆಳೆದಳು.

ಬಾಲ್ಯದ ಬಗ್ಗೆ ಇದಕ್ಕಿಂತ ಹೆಚ್ಚಿನದನ್ನು ಹೇಳಹೊರಟರೆ ಕಲ್ಪನೆಯ ಬೀದಿಗೆ ಇಳಿಯಬೇಕಾಗುತ್ತದೆ. ಆದರೆ ಒಂದನ್ನು ಊಹಿಸಲು ಕವಿಯ ಅಪ್ಪಣೆ ಬೇಕಿಲ್ಲ. ವಯಸ್ಸಿಗೆ ಬಂದ ಮಗಳು ಮದುವೆಯ ಮಾತೆತ್ತಿದರೆ ದೇವರ ಹೆಸರು ಹೇಳುತ್ತಾಳೆಂದರೆ ಊರು ಸುಮ್ಮನಿರುವುದಿಲ್ಲ. ಬಾವಿಯ ಕಟ್ಟೆಯಲ್ಲಿ ಹೆತ್ತವಳು ಏನೇನು ಕೇಳಿಸಿಕೊಂಡಿರಬಹುದು ಎಂಬುದನ್ನು ಹೆಣ್ಣುಮಕ್ಕಳನ್ನು ಹೆತ್ತವರು ಬಲ್ಲರು.

ಆ ನಾಡಿನ ಅರಸನಾದ ಕೌಶಿಕನು ಮಹಾದೇವಿಯನ್ನು ಕಂಡು ಮೋಹಗೊಂಡುದು, ಮಂತ್ರಿಗಳನ್ನು ಕಳುಹಿಸಿದುದು, ಒಪ್ಪದಿದ್ದರೆ ತಂದೆತಾಯಿಗಳಿಗೆ ಕೇಡು ತಪ್ಪದೆಂದು ಬೆದರಿಸಿದುದು ಎಲ್ಲರಿಗೂ ತಿಳಿದ ಕಥೆ. ಹರಿಹರನ ಮಹಾದೇವಿಯಕ್ಕನ ರಗಳೆಯ ಪ್ರಕಾರ, ಹೆತ್ತವರನ್ನು ಉಳಿಸುವುದಕ್ಕಾಗಿ ಆಕೆ ಅರಸನ ಮನೆಗೆ ಹೋಗಲು ಒಪ್ಪುತ್ತಾಳೆ. ಆದರೆ ಕಟ್ಟಳೆಗಳನ್ನು ವಿಧಿಸುತ್ತಾಳೆ. ಲಿಂಗಪೂಜೆಯಲ್ಲಿ, ಶಿವಭಕ್ತರ ಸಂಗದಲ್ಲಿ, ಗುರುಸೇವೆಯಲ್ಲಿ ತಾನು ತನ್ನ ಇಚ್ಛೆಯಂತೆ ಇರುವವಳು; ಇದಕ್ಕೆ ಅಡ್ಡಿ ಬಂದರೆ ಮೂರು ತಪ್ಪುಗಳ ತನಕ ಸೈರಣೆ, ಅನಂತರ ಋಣ ತೀರಿತು. ಕೌಶಿಕನು ಮೂರು ಬಾರಿಯೂ ಮೀರಿದನು. ಆಕೆ ಅರಮನೆಯನ್ನೂ ಉಟ್ಟ ಸೀರೆಯನ್ನೂ ತೊರೆದು ಹೊರಟಳು.

ಹದಿನೈದನೆಯ ಶತಮಾನದಲ್ಲಿ ಪ್ರಭುಲಿಂಗಲೀಲೆಯನ್ನು ರಚಿಸಿದ ಚಾಮರಸನು ಈ ಕಥೆಯನ್ನು ಬೇರೆ ಬಗೆಯಲ್ಲಿ ಹೇಳಿದನು. ಅವನ ಮಹಾದೇವಿ ಕೌಶಿಕನಿಗೆ ಮಡದಿಯಾಗುವುದಿಲ್ಲ. ಈ ಎರಡು ಪಾಠಗಳ ನಡುವೆ ಕಳೆದ ಶತಮಾನದಲ್ಲಿ ನಡೆದ ವಾದವಿವಾದಗಳು ಸಣ್ಣವಲ್ಲ. ನಾನು ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಸಹಪಾಠಿಗಳು ಎರಡು ಪಕ್ಷಗಳಾಗಿ ಒಡೆದು, ಊಟದ ಪಂಕ್ತಿಯಲ್ಲಿಯೂ ಈ ವಿಷಯಕ್ಕೆ ಜಗಳವಾಡಿದ್ದುಂಟು. ಮದುವೆಯಾಗಲಿಲ್ಲ ಎಂಬ ಪಕ್ಷದಲ್ಲಿ ನಾನೂ ಇದ್ದೆ. ಅಂದು ನಾವು ಮುಂದಿಡುತ್ತಿದ್ದ ಪ್ರಮಾಣಗಳನ್ನು ಇಂದು ನೆನೆದರೆ, ಅವುಗಳಲ್ಲಿ ಪಾಂಡಿತ್ಯಕ್ಕಿಂತ ಅಂಜಿಕೆಯ ಪಾಲೇ ಹೆಚ್ಚಾಗಿತ್ತೆಂದು ಹೇಳಬೇಕಾಗಿದೆ. ಭವಿಯಾದ ಅರಸನ ಅಂತಃಪುರದಲ್ಲಿ ಅಕ್ಕ ಇದ್ದಳೆಂದರೆ ಅನ್ಯರು ಏನೆಂದುಕೊಂಡಾರು ಎಂಬ ಚಿಂತೆ ನಮ್ಮದು. ಅಕ್ಕನ ಕಾಲಕ್ಕೆ ಹೆಚ್ಚು ಸಮೀಪದವನಾದ ಹರಿಹರನಿಗೆ ಆ ಚಿಂತೆ ಇರಲಿಲ್ಲ. ಪರಮಭಕ್ತನಾದ ಕವಿ ತಾನು ಆರಾಧಿಸುವ ಶರಣೆಯನ್ನು ಅರಮನೆಯೊಳಕ್ಕೆ ಕಳುಹಿಸಿ, ಅಲ್ಲಿನ ಹಗಲಿರುಳುಗಳನ್ನು ಬಣ್ಣಿಸಿ, ಅಲ್ಲಿಂದ ಹೊರಡಿಸುತ್ತಾನೆ. ಪೂಜ್ಯಳ ಮರ್ಯಾದೆ ಕಾಯುವ ಭಾರವನ್ನು ಅವನು ಹೊತ್ತುಕೊಳ್ಳಲಿಲ್ಲ. ನಾವು ಹೊತ್ತುಕೊಂಡೆವು. ಚಾಮರಸನಿಗೆ ಬೇರೆ ಕಾವ್ಯೋದ್ದೇಶವಿತ್ತು, ಅಲ್ಲಮನ ಮಹಿಮೆಗೆ ತಕ್ಕಂತೆ ಕಥೆಯನ್ನು ಮಾರ್ಪಡಿಸಿಕೊಂಡನು. ಅವನನ್ನು ಇಲ್ಲಿ ದೂರುತ್ತಿಲ್ಲ. ಎರಡರಲ್ಲಿ ಯಾವುದು ನಡೆದದ್ದು ಎಂಬ ತೀರ್ಮಾನವನ್ನೂ ನಾನು ಮಾಡಲಾರೆ. ಅಕ್ಕನ ಶೀಲ ಆ ತೀರ್ಮಾನವನ್ನು ಅವಲಂಬಿಸಿಲ್ಲವೆಂಬುದಷ್ಟೇ ನನ್ನ ಅಭಿಪ್ರಾಯ.

ಇನ್ನು ಆಕೆ ಹೊರಟ ದಾರಿಯನ್ನು ನೋಡೋಣ. ಉಡುತಡಿಯಿಂದ ಕಲ್ಯಾಣಕ್ಕೆ ಹಕ್ಕಿ ಹಾರಿದಂತೆ ನೇರವಾಗಿ ಎಣಿಸಿದರೂ 400 ಕಿಲೋಮೀಟರುಗಳಿಗೆ ಕಡಿಮೆಯಿಲ್ಲ. ಮಲೆನಾಡಿನ ಅಂಚಿನಿಂದ ಬಯಲುಸೀಮೆಯನ್ನು ಹಾದು, ತುಂಗಭದ್ರೆ ಕೃಷ್ಣೆ ಭೀಮೆಗಳ ನಾಡನ್ನು ದಾಟಿ ಬೀದರ್ ಸೀಮೆಗೆ ನಡೆಯಬೇಕು. ಒಬ್ಬಂಟಿ ಹೆಣ್ಣು, ತರುಣಿ, ಸುಂದರಿ, ಕೂದಲಲ್ಲದೆ ಬೇರೆ ಹೊದಿಕೆಯಿಲ್ಲದವಳು. ನಾವು ಹಬ್ಬದ ದಿನ ಭಾವಚಿತ್ರಕ್ಕೆ ಹೂಮಾಲೆ ಹಾಕುವಾಗ ಈ ನಡಿಗೆಯನ್ನು ನೆನೆಯುವುದು ಕಡಿಮೆ. ಆ ದಾರಿಯಲ್ಲಿ ಎಷ್ಟು ಊರುಗಳಿದ್ದವೋ ಅಷ್ಟು ಅಗಸೆಬಾಗಿಲುಗಳಿದ್ದವು. ಅಗಸೆಗೊಂದು ಕಟ್ಟೆ, ಕಟ್ಟೆಯ ಮೇಲೆ ಕುಳಿತು ನೋಡುವವರು ಇದ್ದೇ ಇದ್ದರು. ಹಸಿವಾದರೆ ಭಿಕ್ಷೆ, ಬಾಯಾರಿದರೆ ಕೆರೆಬಾವಿ, ಮಲಗಲು ಪಾಳು ದೇಗುಲ, ಇವು ಆಕೆಯ ಆಸ್ತಿ. ಇದನ್ನು ಆಕೆಯೇ ತನ್ನ ವಚನದಲ್ಲಿ ಲೆಕ್ಕ ಒಪ್ಪಿಸಿದಂತೆ ಹೇಳಿಕೊಂಡಿದ್ದಾಳೆ.

ಆಕೆ ಹುಟ್ಟಿನಿಂದಲೇ ಅಂಜಿಕೆಯನ್ನು ಅರಿಯದವಳು, ವೈರಾಗ್ಯದ ಕವಚ ತೊಟ್ಟೇ ಜನಿಸಿದವಳು ಎಂದು ಉಪನ್ಯಾಸಗಳಲ್ಲಿ ಹೇಳುವುದು ವಾಡಿಕೆ. ನಾನೂ ಹೇಳಿದ್ದೇನೆ. ಆದರೆ ಸುಮಾರು ನಾನೂರರಷ್ಟಿರುವ ಆಕೆಯ ವಚನಗಳನ್ನು ನಿಧಾನವಾಗಿ ಓದಿದರೆ ಬೇರೊಂದು ಸಂಗತಿ ಕಾಣುತ್ತದೆ. ಅಂಜು, ನಾಚು, ಲಜ್ಜೆ, ಮಾನ, ಮರೆ, ಮುಚ್ಚು ಮೊದಲಾದ ಮಾತುಗಳು ಅಲ್ಲಿ ಮರಳಿ ಮರಳಿ ಬರುತ್ತವೆ. ಹಸಿವಿನ ಬಗೆಗಳನ್ನು ವಿವರವಾಗಿ ಹೇಳಬಲ್ಲವನು ಉಂಡು ತೇಗಿದವನಾಗಿರಲಾರನು. ಹಾಗೆಯೇ ನಾಚಿಕೆಯನ್ನು ಇಷ್ಟು ಬಗೆಯಾಗಿ ಬಿಡಿಸಿ ನೋಡಿದವಳು ಅದನ್ನು ಉಂಡವಳೇ ಆಗಿರಬೇಕು. ತನ್ನನ್ನು ಮನೆಮನೆಯಲ್ಲಿ ಬೇಡುವಂತೆ ಮಾಡು, ಬೇಡಿದರೂ ಸಿಗದಂತೆ ಮಾಡು ಎಂಬ ಧಾಟಿಯಲ್ಲಿ ದೇವರನ್ನು ಪ್ರಾರ್ಥಿಸುವ ವಚನವೊಂದು ಪ್ರಸಿದ್ಧವಾಗಿದೆ. ಸುಖ ಬೇಡುವ ಪ್ರಾರ್ಥನೆಗಳ ನಡುವೆ ಅವಮಾನವನ್ನು ಬೇಡುವ ಪ್ರಾರ್ಥನೆ ಅದು. ಅಂಜಿಕೆಯೇ ಇಲ್ಲದವಳಿಗೆ ಅಂಥ ಪ್ರಾರ್ಥನೆಯ ಅಗತ್ಯವೇನು? ಚೇಳಿನ ವಿಷಕ್ಕೆ ಹೆದರುವವನು ತಾನಾಗಿ ಬೆರಳು ಒಡ್ಡಿದಂತೆ ಆಕೆ ತಾನು ಹೆದರುತ್ತಿದ್ದುದನ್ನೇ ಕರೆದು ಎದುರಿಗೆ ನಿಲ್ಲಿಸಿಕೊಂಡಳೆಂದು ನನಗೆ ತೋರುತ್ತದೆ.

ಆಕೆಯ ಇನ್ನೊಂದು ವಚನವನ್ನು ಬಲ್ಲದ ಕನ್ನಡಿಗರಿಲ್ಲ. ಬೆಟ್ಟ, ಕಡಲು, ಸಂತೆ ಎಂಬ ಮೂರು ನೆಲೆಗಳಲ್ಲಿ ಮನೆ ಮಾಡಿಕೊಂಡವರ ಪಾಡನ್ನು ಹೇಳಿ, ಕಡೆಗೆ ಸ್ತುತಿನಿಂದೆಗಳ ಸಂಗತಿಗೆ ಬರುವ ವಚನ ಅದು. ನಮ್ಮ ಶಾಲೆಗಳಲ್ಲಿ ಕಂಠಪಾಠ ಮಾಡಿಸುವ ಮೊದಲ ಹತ್ತು ವಚನಗಳಲ್ಲಿ ಅದಕ್ಕೆ ಸ್ಥಾನ ಉಂಟು. ಕಂಠಪಾಠವಾದ ಮಾತನ್ನು ನಾವು ಮತ್ತೆ ನೋಡುವುದಿಲ್ಲವೆಂಬುದೇ ಅದರ ದೋಷ. ಅಲ್ಲಿನ ಕ್ರಿಯಾಪದಗಳನ್ನು ಗಮನಿಸಬೇಕು. ಬೆಟ್ಟದ ಮೃಗಗಳ ವಿಷಯಕ್ಕೂ ಕಡಲಿನ ತೆರೆಗಳ ವಿಷಯಕ್ಕೂ ಅಕ್ಕ ಬಳಸಿದ್ದು ಅಂಜು ಎಂಬ ಧಾತುವನ್ನು. ಸಂತೆಯ ಗದ್ದಲದ ವಿಷಯಕ್ಕೆ ಬಂದಾಗ ಅದನ್ನು ಕೈಬಿಟ್ಟು ನಾಚು ಎಂಬ ಧಾತುವನ್ನು ತೆಗೆದುಕೊಂಡಳು. ಪ್ರಾಸಕ್ಕಾಗಿ ಮಾಡಿದ ಬದಲಾವಣೆಯಲ್ಲ ಇದು, ಅಲ್ಲಿ ಪ್ರಾಸದ ಒತ್ತಾಯವೇ ಇಲ್ಲ. ಮೃಗವೂ ತೆರೆಯೂ ದೇಹವನ್ನು ಕೊಲ್ಲಬಲ್ಲವು. ಅವುಗಳಿಂದ ಆಗುವುದು ಅಂಜಿಕೆ. ಸಂತೆಯ ಸದ್ದು ಯಾರನ್ನೂ ಕೊಂದದ್ದಿಲ್ಲ. ಅಷ್ಟಕ್ಕೂ ಸಂತೆಯ ಜನ ತಮ್ಮ ತಮ್ಮ ಕೊಡುಕೊಳ್ಳುವಿಕೆಯಲ್ಲಿ ಮುಳುಗಿ ಕೂಗುತ್ತಿರುತ್ತಾರೆ, ಅಲ್ಲಿ ಮನೆ ಮಾಡಿದವನನ್ನು ಕುರಿತು ಕೂಗುತ್ತಿರುವುದಿಲ್ಲ. ಆದರೆ ಅಳುಕುಳ್ಳವನ ಕಿವಿಗೆ ಆ ಸದ್ದೆಲ್ಲ ತನ್ನನ್ನು ಕುರಿತದ್ದೇ ಆಗಿ ಕೇಳಿಸುತ್ತದೆ. ಬೀದಿಯ ತಿರುವಿನಲ್ಲಿ ಇಬ್ಬರು ನಕ್ಕರೆ ತನ್ನನ್ನೇ ನೋಡಿ ನಕ್ಕರೆಂದು ಮನೆಗೆ ಬಂದು ಕನ್ನಡಿ ನೋಡಿಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಒಂದು ಧಾತುವನ್ನು ಬದಲಾಯಿಸಿ ಅಕ್ಕ ಈ ಅಳುಕನ್ನು ಉಳಿದ ಭಯಗಳಿಂದ ಬೇರ್ಪಡಿಸಿದ್ದಾಳೆ.

ಅದೇ ವಚನದ ಕೊನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಿಂದೆಗೆ ಹೆದರಬಾರದೆಂದು ಹೇಳಿ ಮುಗಿಸುವಳೆಂದು ನಾವು ನಿರೀಕ್ಷಿಸುತ್ತೇವೆ. ಆಕೆ ಹೇಳುವುದು ಕೋಪದ ವಿಷಯ. ಅಂಜಿಕೆಯಿಂದ ಹೊರಟು ನಾಚಿಕೆಯನ್ನು ಹಾದು ಕೋಪಕ್ಕೆ ಬಂದು ನಿಲ್ಲುತ್ತದೆ ಆ ವಚನ. ಮೊದಮೊದಲು ಇದು ನನಗೆ ಹೊಂದಿಕೆಯಿಲ್ಲದ್ದಾಗಿ ಕಾಣುತ್ತಿತ್ತು. ಮೂರು ದಶಕಗಳ ಕಾಲ ತರಗತಿಗಳಲ್ಲಿಯೂ ಅಧ್ಯಾಪಕರ ಕೊಠಡಿಯಲ್ಲಿಯೂ ಮನುಷ್ಯರನ್ನು ನೋಡಿದ ಮೇಲೆ ಅರ್ಥವಾಯಿತು. ಹತ್ತು ಜನರ ಎದುರಿಗೆ ಕೂಗಾಡುವವನನ್ನು ಬಿಡಿಸಿ ನೋಡಿದರೆ ಒಳಗೆ ಕುಳಿತಿರುವುದು ಜನ ತನ್ನನ್ನು ಕೀಳಾಗಿ ಕಂಡಾರೆಂಬ ಶಂಕೆ. ಹುಡುಗನೊಬ್ಬ ಉತ್ತರ ತಿಳಿಯದೆ ನಿಂತಾಗ ಹಿಂದಿನ ಸಾಲು ನಕ್ಕರೆ, ಆ ಹುಡುಗ ಅಳುವುದಿಲ್ಲ, ಪಕ್ಕದವನನ್ನು ಗುದ್ದುತ್ತಾನೆ. ಗುರುಗಳಾದ ನಾವೂ ಶ್ಲೋಕದ ಅರ್ಥ ತಪ್ಪಿದಾಗ ತಿದ್ದಿದ ಶಿಷ್ಯನ ಮೇಲೆ ರೇಗಿದ್ದುಂಟು. ಸ್ತುತಿಯನ್ನೂ ನಿಂದೆಯನ್ನೂ ಆಕೆ ಒಂದೇ ಸಮಾಸದಲ್ಲಿ ಕಟ್ಟಿದ್ದನ್ನು ಸಹ ಮರೆಯುವಂತಿಲ್ಲ. ಹೊಗಳಿಕೆಗಾಗಿ ಕಿವಿ ತೆರೆದಿಟ್ಟವನು ತೆಗಳಿಕೆ ಬಂದಾಗ ಮಾತ್ರ ಮುಚ್ಚಿಕೊಳ್ಳಬೇಕೆಂದರೆ ಅದು ಮುಚ್ಚುವುದಿಲ್ಲ.

ದಾರಿಯಲ್ಲಿ ತನ್ನ ಹಿಂದೆ ಬಿದ್ದ ಗಂಡಸರನ್ನು ಅಕ್ಕ ಸಂಬೋಧಿಸಿದ ಬಗೆಯನ್ನು ವಚನಗಳಲ್ಲಿ ನೋಡಬಹುದು. ಆಕೆ ಅವರನ್ನು ಅಣ್ಣಗಳಿರಾ ಎಂದು ಕರೆಯುತ್ತಾಳೆ. ಶಪಿಸಲಿಲ್ಲ, ಓಡಲೂ ಇಲ್ಲ, ಸಂಬಂಧವಾಚಕವೊಂದನ್ನು ಕೊಟ್ಟಳು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಒಬ್ಬಂಟಿಯಾಗಿ ನಡೆಯುವ ಹೆಣ್ಣುಮಗಳು ಎದುರಾದ ಅಪರಿಚಿತನನ್ನು ಮೊದಲು ಅಣ್ಣಾ ಎಂದು ಕರೆದು ಅನಂತರ ದಾರಿ ಕೇಳುತ್ತಾಳೆ. ಆ ಮಾತಿನೊಡನೆ ನೋಡುವವನಿಗೆ ಒಂದು ಕರ್ತವ್ಯ ಒದಗುತ್ತದೆ. ಹೆಸರಿಲ್ಲದ ನಾಲ್ವರಿಗೆ ಅಕ್ಕ ಹೀಗೆ ಹೆಸರಿಟ್ಟಳು. ಹೆಸರು ಬಂದ ಮೇಲೆ ಅವರು ಎಂದಿನ ನಾಲ್ವರಾಗಿ ಉಳಿಯಲಿಲ್ಲ.

ಕಲ್ಯಾಣದಲ್ಲಿ ಆಗ ಬಸವಣ್ಣನವರ ಮಹಾಮನೆ ನಡೆಯುತ್ತಿತ್ತು. ಬಿಜ್ಜಳನ ಆಳ್ವಿಕೆ 1167ರಲ್ಲಿ ಕೊನೆಗೊಂಡುದರಿಂದ ಅಕ್ಕ ಅಲ್ಲಿಗೆ ಬಂದದ್ದು ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಎಂದಿಟ್ಟುಕೊಳ್ಳಬಹುದು. ಶರಣರ ಊರಿಗೆ ಬಂದ ಮೇಲೆ ಈ ಪರೀಕ್ಷೆಗಳು ಮುಗಿಯಬೇಕಾಗಿತ್ತು. ಆದರೆ ಅತ್ಯಂತ ಕಠಿಣವಾದ ಪರೀಕ್ಷೆ ಎದುರಾದದ್ದು ಅಲ್ಲಿಯೇ. ಶೂನ್ಯಸಂಪಾದನೆಯ ಸಂಪಾದಕರು ಈ ಸನ್ನಿವೇಶವನ್ನು ಬಹು ಶ್ರದ್ಧೆಯಿಂದ ಕಟ್ಟಿದ್ದಾರೆ. ಮೊದಲು ಕಿನ್ನರಿ ಬೊಮ್ಮಯ್ಯ ಆಕೆಯನ್ನು ಪರೀಕ್ಷಿಸಲು ಮುಂದಾಗಿ, ತಾನೇ ತಲೆಬಾಗುತ್ತಾನೆ. ಅನಂತರ ಅನುಭವಮಂಟಪದಲ್ಲಿ, ಶರಣರೆಲ್ಲ ನೆರೆದಿರುವಾಗ, ಅಲ್ಲಮಪ್ರಭು ಆಕೆಯನ್ನು ನಿಲ್ಲಿಸಿ ಕೇಳುತ್ತಾನೆ. ಪತಿ ಯಾರೆಂದು ಹೇಳಿದರೆ ಕುಳಿತುಕೊಳ್ಳಬಹುದು, ಇಲ್ಲವಾದರೆ ಬಂದ ದಾರಿಯಲ್ಲಿ ಹಿಂದಿರುಗಬೇಕು. ಆಕೆ ಚೆನ್ನಮಲ್ಲಿಕಾರ್ಜುನನೆಂದಳು. ಅಷ್ಟಕ್ಕೆ ಅಲ್ಲಮ ಬಿಡಲಿಲ್ಲ. ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆ ಎಂದು ಮೇಲಿನ ಪ್ರಶ್ನೆ ಹಾಕಿದನು. ಒಳಗೆ ನಾಚಿಕೆ ಉಳಿದಿದೆಯೆಂದು ಆ ಪ್ರಶ್ನೆಯ ಇಂಗಿತ. ತುಂಬಿದ ಸಭೆಯಲ್ಲಿ, ಗೌರವಕ್ಕೆ ಪಾತ್ರರಾದವರ ಬಾಯಿಂದ, ತನ್ನ ನಿಲುವೇ ಸುಳ್ಳೆಂಬ ಆಕ್ಷೇಪ ಬಂದಾಗ ಯಾರಿಗಾದರೂ ಎದೆ ನಡುಗುತ್ತದೆ. ಕೌಶಿಕನ ಬೆದರಿಕೆಗಿಂತ ಇದು ದೊಡ್ಡದೆಂದು ನನ್ನ ಭಾವನೆ. ಅನ್ಯರು ಹೀನವಾಗಿ ಕಂಡರೆ ಅವರು ಅನ್ಯರೆಂದು ಸಮಾಧಾನ ಹೇಳಿಕೊಳ್ಳಬಹುದು. ನಮ್ಮವರೆಂದು ನಂಬಿ ಬಂದವರೇ ಹಾಗೆ ಕಂಡರೆ ಹೋಗುವ ಬೀದಿ ಯಾವುದು?

ಅಕ್ಕನ ಉತ್ತರದಲ್ಲಿ ಹಣ್ಣಿನ ದೃಷ್ಟಾಂತವಿದೆ. ಒಳಗಿನ ತಿರುಳು ಪಕ್ವವಾದಲ್ಲದೆ ಹೊರಗಿನ ಸಿಪ್ಪೆಯ ಬಣ್ಣ ಮಾಸುವುದಿಲ್ಲವೆಂಬುದು ಅದರ ಅಭಿಪ್ರಾಯ. ಅದರ ಜೊತೆಗೆ, ದೇಹದ ಗುರುತುಗಳನ್ನು ಕಂಡು ನೋಡುವವರಿಗೆ ನೋವಾಗದಿರಲೆಂದು ಮರೆಸಿಕೊಂಡೆನೆಂಬ ಮಾತೂ ಇದೆ. ಇಲ್ಲಿ ದಿಕ್ಕು ಬದಲಾದುದನ್ನು ನೋಡಬೇಕು. ಅದೇ ಕೂದಲು, ಅದೇ ಮರೆ. ಜನ ನನ್ನನ್ನು ಹೇಗೆ ಕಂಡಾರೋ ಎಂದು ಹೊದ್ದುಕೊಂಡಿದ್ದರೆ ಅದು ನಾಚಿಕೆ. ಕಾಣುವ ಜನರ ಮನಸ್ಸು ಕದಡೀತೆಂದು ಹೊದ್ದುಕೊಂಡರೆ ಅದು ಕರುಣೆ. ಪರರ ಕಣ್ಣಿಗೆ ಅಂಜುವ ಜಾಗದಲ್ಲಿ ನಿಂತೇ ಆಕೆ ಪರರ ಕಣ್ಣಿನ ಕಷ್ಟವನ್ನು ಯೋಚಿಸಿದಳು. ಈ ಉತ್ತರಕ್ಕೂ ಅಲ್ಲಮ ಕೂಡಲೇ ಒಲಿಯಲಿಲ್ಲ, ವಾದ ಮುಂದುವರಿಯಿತು. ಕಡೆಗೆ ಅವನೂ ಬಸವಣ್ಣನವರೂ ಚೆನ್ನಬಸವಣ್ಣನೂ ಆಕೆಯ ನಿಲವಿಗೆ ಶರಣೆಂದರು. ವಯಸ್ಸಿನಲ್ಲಿ ಕಿರಿಯಳಾಗಿದ್ದವಳನ್ನು ಸಭೆಯೇ ಅಕ್ಕ ಎಂದಿತು. ದಾರಿಯಲ್ಲಿ ನೋಡುಗರನ್ನು ಅಣ್ಣಗಳೆಂದು ಕರೆಯುತ್ತ ಬಂದವಳಿಗೆ ಕಲ್ಯಾಣವು ಕೊಟ್ಟ ಮರುಸಂಬೋಧನೆ ಅದು.

ಈ ಪ್ರಸಂಗವನ್ನು ಬರೆಯುವಾಗ ನನ್ನದೊಂದು ಲೋಪವನ್ನು ಹೇಳಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ, ನಾನು ಆಗ ಕೆಲಸದಲ್ಲಿದ್ದ ಶಾಲೆಯಲ್ಲಿ, ದವನದ ಹುಣ್ಣಿಮೆಯ ಅಕ್ಕನ ಜಯಂತಿಗೆ ವಿದ್ಯಾರ್ಥಿನಿಯರಿಂದ ರೂಪಕವೊಂದನ್ನು ಆಡಿಸುವ ಹೊಣೆ ನನ್ನದಾಗಿತ್ತು. ರೂಪಕವನ್ನು ನಾನೇ ಬರೆದೆ. ಪತಿ ಯಾರೆಂಬ ಪ್ರಶ್ನೆಯನ್ನು ಇಟ್ಟುಕೊಂಡು, ಕೂದಲಿನ ಪ್ರಶ್ನೆಯನ್ನು ಕೈಬಿಟ್ಟೆ. ಎದುರಿನ ಸಾಲಿನಲ್ಲಿ ಪೋಷಕರು, ದಾನಿಗಳು, ಊರ ಹಿರಿಯರು ಕುಳಿತಿರುತ್ತಾರೆ; ಕನ್ನಡ ಪಂಡಿತನಿಗೆ ಹೆಣ್ಣುಮಕ್ಕಳ ಬಾಯಲ್ಲಿ ಆಡಿಸಲು ಇದೇ ಸಿಕ್ಕಿತೇ ಎಂದಾರು ಎಂಬುದು ನನ್ನ ಎಣಿಕೆ. ಅಕ್ಕನ ಪಾತ್ರ ವಹಿಸಿದ್ದ ಹುಡುಗಿ ಚುರುಕಾದವಳು. ಗ್ರಂಥಾಲಯದಿಂದ ಶೂನ್ಯಸಂಪಾದನೆಯನ್ನು ತಂದು ಓದಿದ್ದಳು. ತಾಲೀಮಿನ ದಿನ ನನ್ನ ಬಳಿ ಬಂದು, ಗುರುಗಳು ಒಂದು ಪ್ರಶ್ನೆಯನ್ನು ಬಿಟ್ಟಿದ್ದಾರೆ, ಮರೆತು ಬಿಟ್ಟದ್ದೋ ಹೇಗೆ ಎಂದು ವಿನಯದಿಂದಲೇ ಕೇಳಿದಳು. ಸಮಯ ಸಾಲದೆಂದು ಹೇಳಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, ಆ ಪ್ರಶ್ನೆ ಇಲ್ಲದಿದ್ದರೆ ಅಕ್ಕನಿಗೂ ಮೊದಲು ನಾಚಿಕೆಯಿತ್ತೆಂದು ನೋಡುವವರಿಗೆ ಹೇಗೆ ತಿಳಿಯಬೇಕು ಎಂದಳು. ಶಾಸ್ತ್ರಗ್ರಂಥಗಳನ್ನು ಅರೆದು ಕುಡಿದೆನೆಂದು ತಿಳಿದಿದ್ದ ನನಗೆ ಉತ್ತರ ಹೊಳೆಯಲಿಲ್ಲ. ಅಂದು ರೇಗಿಯೂ ಬಿಟ್ಟೆ. ಮೇಲೆ ಕೋಪದ ವಿಷಯವಾಗಿ ಬರೆದುದಕ್ಕೆ ಇದೂ ಒಂದು ಆಧಾರ.

ಆ ವರ್ಷ ರೂಪಕ ನಾನು ಬರೆದಂತೆಯೇ ನಡೆಯಿತು. ಹುಡುಗಿ ಆ ಬೇಸಿಗೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಹೊರಟುಹೋದಳು. ಮರುವರ್ಷ ನಾನು ಬಿಟ್ಟ ಪ್ರಶ್ನೆಯನ್ನು ಸೇರಿಸಿ ಬರೆದು, ಬೇರೊಬ್ಬ ವಿದ್ಯಾರ್ಥಿನಿಯಿಂದ ಆಡಿಸಿದೆ. ಪ್ರದರ್ಶನ ಮುಗಿದ ಮೇಲೆ ವೇದಿಕೆಯ ಪಕ್ಕದಲ್ಲಿ ಬಹಳ ಹೊತ್ತು ನಿಂತಿದ್ದೆ. ಆಕ್ಷೇಪಿಸಲು ಯಾರೂ ಬರಲಿಲ್ಲ. ಆ ನಾಲ್ವರಲ್ಲಿ ಒಬ್ಬರನ್ನೂ ಅಂದು ನಾನು ಕಾಣಲಿಲ್ಲ. ವಯಸ್ಸಾದ ತಾಯಿಯೊಬ್ಬರು ಮಾತ್ರ ಮೊಮ್ಮಗಳ ಕೈಹಿಡಿದು ಬಂದು, ಅಕ್ಕ ಮುಂದೆ ಎಲ್ಲಿಗೆ ಹೋದಳು, ಅದನ್ನೇಕೆ ತೋರಿಸಲಿಲ್ಲ ಎಂದು ವಿಚಾರಿಸಿದರು.

ಅಕ್ಕ ಮುಂದೆ ಹೋದದ್ದು ಶ್ರೀಶೈಲಕ್ಕೆ. ಕಲ್ಯಾಣದಲ್ಲಿ ಪೂಜ್ಯಳಾಗಿ ಉಳಿಯಬಹುದಾಗಿತ್ತು. ಕೇಳುವ ಕಿವಿಗಳಿದ್ದವು, ಅಕ್ಕನೆಂಬ ಹೆಸರಿತ್ತು, ಮಹಾಮನೆಯ ಅನ್ನವಿತ್ತು. ಸ್ತುತಿನಿಂದೆಗಳನ್ನು ಒಂದಾಗಿ ಕಟ್ಟಿದವಳು ಸ್ತುತಿಯ ಊರಿನಲ್ಲಿ ನಿಲ್ಲದೆ ಹೊರಟಳೆಂಬುದನ್ನು ಚರಿತ್ರಕಾರರು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಮತ್ತೆ 250 ಕಿಲೋಮೀಟರುಗಳಿಗೂ ಮಿಕ್ಕ ನಡಿಗೆ, ಈ ಬಾರಿ ಆಗ್ನೇಯಕ್ಕೆ, ನಲ್ಲಮಲೆಯ ಕಾಡಿಗೆ. ದಾರಿಯಲ್ಲಿ ಗಿಳಿ ಕೋಗಿಲೆ ದುಂಬಿಗಳನ್ನು ನಿಲ್ಲಿಸಿ ತನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುವ ವಚನಗಳು ಈ ಯಾತ್ರೆಗೆ ಸೇರಿದವೆಂದು ಹೇಳುವುದುಂಟು. ಉಡುತಡಿಯಿಂದ ಹೊರಟಾಗ ಮನುಷ್ಯರ ಕಣ್ಣುಗಳ ನಡುವೆ ನಡೆದವಳು ಇಲ್ಲಿ ತಾನೇ ಹುಡುಕುವ ಕಣ್ಣಾಗಿದ್ದಾಳೆ. ಜಗತ್ತನ್ನೇ ದೇವರ ನೋಟವೆಂದು ತಿಳಿದ ಮೇಲೆ ಬಚ್ಚಿಡುವುದಕ್ಕೆ ಎಡೆಯಿಲ್ಲವೆಂಬ ಭಾವ ಆಕೆಯ ವಚನಗಳಲ್ಲಿ ಸ್ಪಷ್ಟವಾಗಿದೆ.

ಹರಿಹರನ ಕಥೆಯಲ್ಲಿ ತಂದೆತಾಯಿಗಳು ಮಗಳನ್ನು ಅರಸುತ್ತ ಶ್ರೀಶೈಲಕ್ಕೆ ಬರುತ್ತಾರೆ. ಮಗಳ ಸ್ಥಿತಿಯನ್ನು ಕಂಡು ಮರುಗುತ್ತಾರೆ. ಊರಿನ ಮಾತನ್ನು ಕೇಳಿ ಕೇಳಿ ಬಂದ ಆ ಮುದುಕರು ಅಲ್ಲಿಂದ ಏನನ್ನು ಹೊತ್ತುಕೊಂಡು ಉಡುತಡಿಗೆ ಮರಳಿದರೋ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಮಗಳು ಭಯವನ್ನು ದಾಟಿದಳು. ಹೆತ್ತವರು ಅದೇ ಬಾವಿಕಟ್ಟೆಗೆ ನೀರಿಗೆ ಹೋಗಬೇಕಾಗಿತ್ತು. ಮಗಳನ್ನು ದೂರದ ಊರಿಗೆ ಓದಲು ಕಳುಹಿಸಿ, ನೆರೆಹೊರೆಯ ಪ್ರಶ್ನೆಗಳಿಗೆ ಮನೆಯಲ್ಲಿ ಉತ್ತರ ಕೊಡುತ್ತಿರುವ ಎಷ್ಟೋ ತಂದೆತಾಯಿಗಳು ನಮ್ಮ ಶಾಲೆಯ ಪೋಷಕರಲ್ಲಿ ಇದ್ದಾರೆ. ಅವರನ್ನು ಕಂಡಾಗಲೆಲ್ಲ ನನಗೆ ಶಿವಭಕ್ತ ಶಿವಭಕ್ತೆಯರ ನೆನಪಾಗುತ್ತದೆ.

ಕದಳಿಯಲ್ಲಿ ಅಕ್ಕ ಐಕ್ಯಳಾದಳೆಂಬುದು ಪರಂಪರೆಯ ನಂಬಿಕೆ. ಇಂದು ಅಕ್ಕನ ಗವಿಗೆ ಹೋಗುವವರು ಶ್ರೀಶೈಲದ ಅಣೆಕಟ್ಟಿನ ಹಿನ್ನೀರಿನಲ್ಲಿ, ಕೃಷ್ಣೆಯ ಮೇಲೆ ದೋಣಿಯಲ್ಲಿ ಸಾಗಿ, ದಡಕ್ಕಿಳಿದು ಕಾಡುದಾರಿ ಹತ್ತಬೇಕು. ಬಂಡೆಯೊಳಗಿನ ದಾರಿ ಇಕ್ಕಟ್ಟಾದದ್ದು. ಒಬ್ಬರ ಹಿಂದೆ ಒಬ್ಬರು ಮೈ ಕುಗ್ಗಿಸಿಕೊಂಡು, ಕೆಲವೆಡೆ ಬಾಗಿ ತೆವಳಿಕೊಂಡು, ಕತ್ತಲೆಯಲ್ಲಿ ಕೈಯಾಡಿಸುತ್ತ ಒಳಗಿನ ಲಿಂಗದವರೆಗೆ ಹೋಗುತ್ತಾರೆ. ಉಟ್ಟ ಬಟ್ಟೆ ಕೊಳೆಯಾಗುತ್ತದೆ, ತಲೆ ಕೆದರುತ್ತದೆ. ಹೊರಗೆ ಬಂದವರು ಹಾಗೆಯೇ ದೋಣಿ ಹತ್ತಿ ಹಿಂದಿರುಗುತ್ತಾರೆ.